ಕಂಚುಗಾರರ ಬೀದಿಯ ಬಿಸಿಲು

ನಮ್ಮ ಬೀದಿಗೆ ಬಿಸಿಲು ಬಿಡುತ್ತಿದ್ದುದು ಬೆಳಗಿನ ತಿಂಡಿ ಮುಗಿದ ಮೇಲೆ. ಕೆಂಚಪ್ಪ ಸೈಕಲ್ ತುಳಿದುಕೊಂಡು ಬಂದು, ಕ್ಯಾರಿಯರಿಗೆ ಕಟ್ಟಿದ ಉದ್ದನೆಯ ಕಬ್ಬಿಣದ ಕೀಲಿ ಬಿಚ್ಚಿ, ಬೀದಿಮೂಲೆಯ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಬಿಟ್ಟು ತಿರುಗಿಸುತ್ತಿದ್ದ. ನೀರು ಬಿಡುವವನನ್ನು ನೀರಗಂಟಿ ಅನ್ನುವ ಹಾಗೆ ಅವನನ್ನು ಎಲ್ಲರೂ ಬಿಸಿಲುಗಂಟಿ ಅನ್ನುತ್ತಿದ್ದರು. ಮೊದಲು ಆಚೆ ತುದಿಯ ಗೋಡೆಯ ನೆತ್ತಿ ಬೆಳ್ಳಗಾಗುತ್ತಿತ್ತು. ಆಮೇಲೆ ಬಿಸಿಲು ಗೋಡೆ ಇಳಿದು, ಚರಂಡಿ ದಾಟಿ, ಕಟ್ಟೆಗಳನ್ನೆಲ್ಲ ತುಂಬಿಕೊಂಡು ನನ್ನ ಬಾಗಿಲಿಗೆ ಬರುತ್ತಿತ್ತು. ಊಟದ ಹೊತ್ತಿಗೆ ಅವನೇ ಬಂದು ನಿಲ್ಲಿಸುತ್ತಿದ್ದ. ಅಲ್ಲಿಂದ ಮುಂದೆ ಪಕ್ಕದ ವಾರ್ಡಿನ ಸರದಿ, ನಮಗೆ ಮಬ್ಬು. ಅಕ್ಕಿ ಆರಿಸಬೇಕಾದರೆ ದೀಪ ಹಚ್ಚಬೇಕು, ನಡೆದು ಹೋಗುವುದಕ್ಕೆ ಬೇಡ, ಅಂಥ ಮಬ್ಬು.

ಇದ್ದ ಅಷ್ಟು ಬಿಸಿಲಲ್ಲಿ ನಾವು ಎಲ್ಲವನ್ನೂ ಮಾಡಿಕೊಳ್ಳುತ್ತಿದ್ದೆವು. ಬೀದಿಯ ಗಂಡಸರೆಲ್ಲ ಕಂಚು ಹಿತ್ತಾಳೆ ಕೆಲಸದವರು. ಹುಣಸೆಹಣ್ಣು ಹಚ್ಚಿ ತೊಳೆದ ಬಿಂದಿಗೆ, ಚೊಂಬು, ಹರಿವಾಣ ಗೋಡೆ ಬುಡಕ್ಕೆ ಒರಗಿರುತ್ತಿದ್ದವು. ಅವುಗಳ ಮೇಲಿನ ಹಗ್ಗಕ್ಕೆ ಬಟ್ಟೆ, ನಡುಬೀದಿಯಲ್ಲಿ ಚಾಪೆ, ಚಾಪೆಯ ಮೇಲೆ ಮೆಣಸಿನಕಾಯಿ, ಸಂಡಿಗೆ, ಒದ್ದೆಯಾದ ಹಾಸಿಗೆ. ಜಗಳವೂ ಅಲ್ಲೇ. "ನಿನ್ನ ಗಂಡನ ಪಂಚೆ ನನ್ನ ಸಂಡಿಗೆ ಮೇಲೆ ನೆರಳು ಹಾಕ್ತಾ ಇದೆ, ಎಳ್ಕೊಳ್ಳೆ ಆಚೆಗೆ" ಎಂದು ಒಬ್ಬಳು. "ಎಳ್ಕೊಂಡ್ರೆ ಹರಿದೇ ಹೋಗುತ್ತೆ ಕಣೆ, ಅವನ ಹಾಗೇ ಅದೂ ಸವೆದು ಹೋಗಿದೆ" ಎಂದು ಇನ್ನೊಬ್ಬಳು. ನನ್ನ ಮನೆಯ ಕಟ್ಟೆ ಮಾತ್ರ ಕೂಸುಗಳಿಗೆ ಮೀಸಲು. ಮದುವೆಯಾಗಿ ಬಂದಾಗಿನಿಂದ ನಾನು ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು. ನೀರು ಹಾಕಿದ ಕೂಸನ್ನು ಕಟ್ಟೆಯ ಮೇಲೆ ಮಲಗಿಸಿ, ಒಂದು ಮಗ್ಗುಲು ಬೆಚ್ಚಗಾದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು. ಪಾರಕ್ಕನ, ಅಂದರೆ ನನ್ನ, ಕಟ್ಟೆಯಲ್ಲಿ ಕಾಯದ ಮಗು ಆ ಬೀದಿಯಲ್ಲಿ ಒಂದೂ ಇರಲಿಲ್ಲ.

ನೆಂಟರು ಬಂದರೆ ಮಾತ್ರ ಬೀದಿಯ ರೀತಿಯೇ ಬೇರೆ. ಬೇರೆ ಕಡೆ ಬಂದವರಿಗೆ ನೀರು ಬೆಲ್ಲ ಕೊಡುತ್ತಾರಂತೆ, ನಮ್ಮಲ್ಲಿ ಮೊದಲು ಬಿಸಿಲು ಕೊಡುತ್ತಿದ್ದೆವು. "ಬನ್ನಿ, ಬಿಸಿಲಿಗೆ ಬನ್ನಿ" ಎಂದು ನಮ್ಮ ಚಾಪೆ ಸುತ್ತಿ, ಜಾಗ ಖಾಲಿ ಮಾಡಿ, ಅವರನ್ನು ಕೂರಿಸಿ ನಾವು ಜಗುಲಿಯ ನೆರಳಿಗೆ ಸರಿಯುವುದು. ಬಂದವರ ಮುಂದೆ ಒದ್ದೆ ಬಟ್ಟೆ ತೂಗಾಡಬಾರದು, ಮನೆಯ ಕೂಸು ಅವರ ಬಿಸಿಲನ್ನು ಹಂಚಿಕೊಳ್ಳಬಾರದು. ಹೀಗೆ ಮಾಡು ಎಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹುಟ್ಟಿದಾಗಿನಿಂದ ನೋಡಿದ್ದು.

ಎದುರುಮನೆಯ ಮರಿಸ್ವಾಮಿಗೂ ಜಯಶೀಲಳಿಗೂ ಬಹಳ ದಿನ ಕಾದ ಮೇಲೆ ಹುಟ್ಟಿದ ಮಗಳು ಹಂಸ. ಓರಗೆಯ ಮಕ್ಕಳು ಬೀದಿ ತುಂಬ ಓಡಾಡುತ್ತಿದ್ದರೂ ಅವಳು ನಿಲ್ಲುತ್ತಿರಲಿಲ್ಲ. ಹಿಡಿದು ನಿಲ್ಲಿಸಿದರೆ ಮೊಣಕಾಲು ಹೊರಕ್ಕೆ ಬಾಗುತ್ತಿದ್ದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, "ಮೂಳೆ ಮೆತ್ತಗಿದೆ. ಔಷಧಿ ಕೊಡ್ತೀನಿ, ಅದರ ಜೊತೆಗೆ ಬಿಸಿಲು ಬೇಕೇ ಬೇಕು. ದಿನಾ, ಎಷ್ಟು ಸಿಕ್ಕತ್ತೋ ಅಷ್ಟು. ಮೂಳೆ ಬಲಿಯೋ ಮುಂಚೆ ಸಿಕ್ಕರೆ ನೆಟ್ಟಗಾಗುತ್ತೆ. ಬಲಿತ ಮೇಲೆ ಹೇಗಿದೆಯೋ ಹಾಗೇ ನಿಂತುಬಿಡುತ್ತೆ" ಎಂದರು. ಅವತ್ತಿನಿಂದ ನನ್ನ ಕಟ್ಟೆಯ ಮೊದಲ ಬಿಸಿಲೂ ಕೊನೆಯ ಬಿಸಿಲೂ ಹಂಸಳದಾಯಿತು. ಕೆಂಚಪ್ಪನ ಸೈಕಲ್ಲಿನ ಸದ್ದು ಕೇಳಿದರೆ ಜಯಶೀಲ ಒಲೆಯ ಮೇಲಿನದು ಹೊತ್ತಿದರೂ ಲೆಕ್ಕಿಸದೆ ಮಗಳನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು. ಮರಿಸ್ವಾಮಿ ಚಪ್ಪಟೆ ತಗಡಿನ ಹರಿವಾಣವೊಂದನ್ನು ಕನ್ನಡಿಯ ಹಾಗೆ ಉಜ್ಜಿ, ಎದುರು ಗೋಡೆಯ ಬಿಸಿಲನ್ನೂ ಮಗಳ ಕಾಲಿನ ಮೇಲೆ ಬೀಳುವ ಹಾಗೆ ಒರಗಿಸಿದ್ದ. ಕೆಲವು ತಿಂಗಳಲ್ಲಿ ಹಂಸ ನನ್ನ ಹೆಗಲು ಹಿಡಿದು ನಿಂತಳು. ಅಲ್ಲಾಡುತ್ತ, ತುಂಟ ನಗು ನಗುತ್ತ ನಿಂತಳು. "ಅಕ್ಕ, ದಸರಾಕ್ಕೆ ಓಡಾಡ್ತಾಳೆ ಅಲ್ವಾ?" ಎಂದು ಜಯಶೀಲ ಕೇಳಿದಳು. "ಓಡಾಡೋದೇನು, ನಿನ್ನ ಕೈಗೆ ಸಿಕ್ಕಲ್ಲ ಬಿಡು" ಎಂದೆ.

ಅದೇ ಸುಮಾರಿಗೆ ಪುರಸಭೆಯವರು ಊರಾಚೆ ಹೊಸ ಬಡಾವಣೆ ಮಾಡಿದ್ದರು. ಅಲ್ಲಿಗೂ ಬಿಸಿಲು ಕೊಡಬೇಕಾಗಿತ್ತು. ಮೈಕ್ ಕಟ್ಟಿದ ಆಟೋ ಬೀದಿಬೀದಿಗೆ ಬಂದು, ಬಿಸಿಲನ್ನು ಸರಿಯಾಗಿ ಹಂಚುವ ಸಲುವಾಗಿ ಅಧಿಕಾರಿಗಳು ಎಲ್ಲ ವಾರ್ಡುಗಳಿಗೆ ಖುದ್ದು ಭೇಟಿ ಕೊಡುತ್ತಾರೆ, ನಾಗರಿಕರು ಸಹಕರಿಸಬೇಕು ಎಂದು ಕೂಗಿಕೊಂಡು ಹೋಯಿತು. ಹಿಂದೆಯೇ ನಮ್ಮ ವಾರ್ಡಿನ ಸದಸ್ಯ ಚನ್ನವೀರಪ್ಪ ಬಂದು, "ನಮ್ಮ ಬೀದಿಗೆ ಯಾವತ್ತಾದ್ರೂ ಆಫೀಸರು ಬಂದಿದ್ರಾ? ಈಗ ಬರ್ತಾ ಇದಾರೆ. ಮರ್ಯಾದೆ ಉಳಿಸಿ. ಚೆನ್ನಾಗಿ ನೋಡ್ಕೊಂಡ್ರೆ ಸಂಜೆ ಹೊತ್ತೂ ಸ್ವಲ್ಪ ಬಿಸಿಲು ಕೇಳೋಣ" ಎಂದ. ಅವನಿಗೂ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಬರುವ ದಿನ ಬೀದಿಯನ್ನು ನೀವು ನೋಡಬೇಕಿತ್ತು. ಹಗ್ಗ ಸಮೇತ ಬಟ್ಟೆ ಬಿಚ್ಚಿಟ್ಟೆವು. ಚಾಪೆ, ಮೆಣಸಿನಕಾಯಿ, ಪಾತ್ರೆ ಎಲ್ಲ ಒಳಗೆ ಹೋದವು. ಬೀದಿ ತೊಳೆದು ರಂಗೋಲಿ ಹಾಕಿದೆವು. ಮದುವೆ ಛತ್ರದಿಂದ ಕುರ್ಚಿ ತಂದು ಬಿಸಿಲಿನ ನಟ್ಟನಡುವೆ ಇಟ್ಟೆವು. ಜಯಶೀಲ ಹಂಸಳನ್ನು ಒಳಗೆ ತೊಟ್ಟಿಲಲ್ಲಿ ಮಲಗಿಸಿ ಬಂದಳು. "ಇವತ್ತೊಂದು ದಿನ ಹೋಗಲಿ ಅಕ್ಕ, ಬಂದವರ ಕಣ್ಣಿಗೆ ಮಗು ಕಾಲು ಯಾಕೆ ಬೀಳಬೇಕು" ಎಂದಳು. ಅದೂ ಸರಿ ಅನ್ನಿಸಿತು.

ಬಂದವರು ಒಳ್ಳೆಯವರೇ. ಒಬ್ಬರು ಮುಖ್ಯಾಧಿಕಾರಿ, ಇನ್ನೊಬ್ಬಳು ಫೋಟೊ ತೆಗೆಯುವ ಹುಡುಗಿ. ಕುರ್ಚಿಯಲ್ಲಿ ಕೂತು ಪಾನಕ ಕುಡಿದರು. ನಾವೆಲ್ಲ ಜಗುಲಿಯ ನೆರಳಲ್ಲಿ ಕೈಕಟ್ಟಿ ನಿಂತಿದ್ದೆವು. ಹುಡುಗಿ ಖಾಲಿ ಕಟ್ಟೆ, ಖಾಲಿ ಗೋಡೆ ಎಲ್ಲದರ ಫೋಟೊ ತೆಗೆದಳು. ಮುಖ್ಯಾಧಿಕಾರಿ ಸುತ್ತ ನೋಡಿ, "ಏನಜ್ಜ, ನೀವ್ಯಾರೂ ಬಿಸಿಲಿಗೆ ಬರೋದೇ ಇಲ್ವಾ?" ಎಂದು ಬೀದಿಗೆಲ್ಲ ಹಿರಿಯರಾದ ಗುರುಬಸಪ್ಪಜ್ಜನನ್ನು ಕೇಳಿದರು. ಅಜ್ಜ ಕೈಮುಗಿದು ನಕ್ಕರು. "ನಮ್ಮದೇನು ಬಿಡಿ ಸ್ವಾಮಿ, ದಿನಾ ಇಲ್ಲೇ ಇರೋರು. ನಮಗೆ ಬಿಸಿಲು ಇದ್ರೂ ಆಯ್ತು, ಇಲ್ದಿದ್ರೂ ಆಯ್ತು. ಹೆಂಗೋ ನಡೀತದೆ. ನೀವು ಕೂತ್ಕೊಳ್ಳಿ" ಎಂದರು. ನಾವೆಲ್ಲ ತಲೆಯಾಡಿಸಿದೆವು. ಬಂದವರಿಗೆ ಯಾರಾದರೂ ಹೇಳುವ ಮಾತೇ ಅದು. ಅಜ್ಜ ಹೇಳದಿದ್ದರೆ ನಾನೇ ಹೇಳುತ್ತಿದ್ದೆ.

ಸಂಜೆ ಬಿಸಿಲಿನ ವಿಷಯ ಯಾರೂ ಎತ್ತಲಿಲ್ಲ. ಮನೆಗೆ ಬಂದವರ ಹತ್ತಿರ ಬಂದ ದಿನವೇ ಏನು ಕೇಳುವುದು ಎಂದು ಸುಮ್ಮನಾದೆವು.

ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಂಚಪ್ಪ ಬಂದ, ಗುಂಡಿಯ ಹತ್ತಿರ ಸೈಕಲ್ ನಿಲ್ಲಿಸಿದ, ಆದರೆ ಕೀಲಿ ಬಿಚ್ಚಲಿಲ್ಲ. ಹಂಸಳನ್ನು ಎತ್ತಿಕೊಂಡು ಬಂದು ನಿಂತಿದ್ದ ಜಯಶೀಲಳ ಮುಖ ನೋಡದೆ ನನ್ನ ಕಡೆ ತಿರುಗಿ ಹೇಳಿದ. "ಪಾರಕ್ಕ, ನಿಮ್ಮ ಬೀದಿಗೆ ಇನ್ನು ಸಂತೆ ದಿನ ಮಾತ್ರ. ಅದೂ ಒಂದು ಗಳಿಗೆ. ಮಿಕ್ಕಿದ್ದು ಬಡಾವಣೆಗೆ ತಿರುಗಿಸಿದಾರೆ."

"ಯಾಕೋ? ನಾವೇನು ಮಾಡಿದ್ವಿ?"

"ನೀವು ಬಳಸ್ತಾ ಇಲ್ವಂತೆ. ಬಳಸದೇ ಇರೋ ಕಡೆ ಬಿಸಿಲು ದಂಡ ಅಂತ ಮೀಟಿಂಗಿನಲ್ಲಿ ಆಗಿದೆ." ಆಮೇಲೆ ಮೆಲ್ಲಗೆ ಸೇರಿಸಿದ. "ಏಳನೇ ವಾರ್ಡಿನವರು ಇದಾರಲ್ಲ, ಸೋಮಾರಿಗಳು, ಹರಿದ ಗೋಣಿಚೀಲ, ಹಳೇ ಕಂಬಳಿ ಒಂದನ್ನೂ ಹಗ್ಗದಿಂದ ತೆಗೆದಿರಲಿಲ್ಲ. ಆಫೀಸರು ಬಗ್ಗಿಕೊಂಡು ಹೋಗಬೇಕಾಯ್ತು. ಅವರಿಗೆ ಸಂಜೆ ಬಿಸಿಲೂ ಸಿಕ್ಕಿದೆ."

ಮರುದಿನವೇ ನಾನು, ಮಗುವನ್ನು ಎತ್ತಿಕೊಂಡ ಜಯಶೀಲ, ಗುರುಬಸಪ್ಪಜ್ಜ ಮೂವರೂ ಪುರಸಭೆಗೆ ಹೋದೆವು. ಮುಖ್ಯಾಧಿಕಾರಿ ನಮ್ಮ ಗುರುತು ಹಿಡಿದು ಕೂರಿಸಿದರು. ಅಜ್ಜ ಕೂರಲಿಲ್ಲ.

"ಸ್ವಾಮಿ, ನೀವು ಬರ್ತೀರಿ ಅಂತ ನಾವು ಎಲ್ಲಾ ಒಳಗೆ ಎತ್ತಿಟ್ವಿ."

"ನಾವು ನೋಡೋಕೆ ಬಂದಿದ್ದೇ ಅದನ್ನಲ್ವಾ ಅಜ್ಜ?"

ಅಜ್ಜನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. "ಬಂದವರ ಮುಂದೆ ಒದ್ದೆ ಬಟ್ಟೆ ಹೆಂಗೆ ಬಿಡೋದು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮುಖ್ಯಾಧಿಕಾರಿ ಫೋಟೊಗಳನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ನಮ್ಮ ಬೀದಿ ಅಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ತೊಳೆದ ಕಲ್ಲು, ರಂಗೋಲಿ, ಅದರ ಮೇಲೆ ಯಾರೂ ಇಲ್ಲದ ಬಿಸಿಲು.

ಜಯಶೀಲ ಮಗಳ ಲಂಗ ಸರಿಸಿ ಕಾಲು ತೋರಿಸಿದಳು. "ಅವತ್ತು ಒಳಗೆ ಮಲಗಿಸಿದ್ದೆ ಸಾರ್. ಇವಳೊಬ್ಬಳಿಗಾದ್ರೂ ಬಿಡಿ."

ಅವರು ಕಾಲು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. "ಒಂದು ಮಗುಗೆ ಅಂತ ಬೀದಿಗೆ ಬಿಸಿಲು ಬಿಡೋ ಹಾಗಿಲ್ಲ ತಾಯಿ. ಕಾಯಿಲೆ ಮಕ್ಕಳಿಗೆ ಬಡಾವಣೇಲಿ ಬಿಸಿಲು ಭವನ ಕಟ್ಟಿಸಿದೀವಿ. ಆದರೆ ಅದು ಬಿಸಿಲಿನ ಕೊರತೆ ಇರೋ ವಾರ್ಡಿನವರಿಗೆ. ನಿಮ್ಮದು ಸಾಕಾಗಿ ಮಿಕ್ಕಿರೋ ವಾರ್ಡು ಅಂತ ಇದೆ. ಮತ್ತೆ ನೋಡೋದು ಇನ್ನು ಮುಂದಿನ ವರ್ಷ."

"ಮುಂದಿನ ವರ್ಷಕ್ಕೆ ಮೂಳೆ ಬಲಿತುಬಿಡುತ್ತೆ" ಎಂದೆ ನಾನು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಕಂಡಿದ್ದನ್ನ ಬಿಟ್ಟು ಬೇರೆ ಬರೆಯೋಕೆ ಆಗಲ್ಲಮ್ಮ. ಅಜ್ಜನ ಬಾಯಲ್ಲೂ ಕೇಳಿದೆ." ಆ ಮನುಷ್ಯನನ್ನು ಬೈಯುವುದಕ್ಕೂ ನನಗೆ ಏನೂ ಸಿಕ್ಕಲಿಲ್ಲ. ಅವತ್ತಿನಿಂದ ಅಜ್ಜ ಜಗುಲಿಗೂ ಬರುವುದನ್ನು ಬಿಟ್ಟರು. ಯಾರೂ ಅವರನ್ನು ದೂರಲಿಲ್ಲ. ದೂರಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಾನು ಕೆಂಚಪ್ಪನನ್ನು ಹಿಡಿದೆ. ಅವನಿಗೂ ಅವನ ತಮ್ಮಂದಿರಿಗೂ ಎಣ್ಣೆ ನೀರು ಹಾಕಿದವಳು ನಾನು. "ಸ್ವಲ್ಪ ತಿರುಗಿಸೋ. ಯಾರಿಗೆ ಗೊತ್ತಾಗುತ್ತೆ." ಅವನು ಆಗಲ್ಲ ಎಂದ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ ಕೀಲಿ ಇಳಿಬಿಟ್ಟ. ಬಂದದ್ದು ಒಂದು ಟವೆಲಿನ ಅಗಲದ ಬಿಸಿಲು. ಗೋಡೆಯಿಂದ ಇಳಿದು ಬೀದಿಗೆ ಅಡ್ಡಲಾಗಿ ಮಲಗಿತು. ಅದು ಸರಿದ ಹಾಗೆಲ್ಲ ನಾನೂ ಜಯಶೀಲಳೂ ಚಾಪೆಯನ್ನು ಎಳೆಯುತ್ತ, ಮಗುವಿನ ಎರಡೂ ಕಾಲು ಅದರೊಳಗೆ ಇರುವ ಹಾಗೆ ನೋಡಿಕೊಂಡೆವು. ಬೀದಿಯ ಮನೆಗಳಲ್ಲಿ ಸಂಡಿಗೆಗೆ ಬೂಸಲು ಹತ್ತುತ್ತಿತ್ತು, ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಆದರೂ ಒಬ್ಬಳೂ ಆ ಬಿಸಿಲಿಗೆ ಒಂದು ಕರವಸ್ತ್ರ ತಂದು ಹಾಕಲಿಲ್ಲ. ಹೀಗೆ ಕೆಲವು ದಿನ ನಡೆಯಿತು. ಬಡಾವಣೆಯಲ್ಲಿ ಯಾರದೋ ತೋಟದ ಮೂಲೆಗೆ ಬಿಸಿಲು ಕಡಿಮೆಯಾಯಿತಂತೆ. ಹುಡುಕಿಕೊಂಡು ಬಂದರು. ಕೆಂಚಪ್ಪನನ್ನು ಕಸದ ಗಾಡಿಯ ಕೆಲಸಕ್ಕೆ ಹಾಕಿದರು, ನಮ್ಮ ಗುಂಡಿಗೆ ಸಿಮೆಂಟು ಮೆತ್ತಿದರು. ಸಂತೆ ದಿನದ ಬಿಸಿಲನ್ನು ಇನ್ನು ಮುಂದೆ ಆಫೀಸಿನಿಂದಲೇ ಬಿಡುತ್ತೇವೆ ಎಂದರು. ಒಮ್ಮೊಮ್ಮೆ ಬಿಡುತ್ತಾರೆ.

ಪಕ್ಕದ ವಾರ್ಡಿಗೆ ಹೋಗೋಣ ಎಂದರೆ, ಹೊರಗಿನವರನ್ನು ಕೂರಿಸಿದರೆ ಅವರ ಬಿಸಿಲೂ ಕಡಿತ ಎಂದು ಆಗಿತ್ತು. ಬಡಾವಣೆಯನ್ನು ನಾನು ನೋಡಿದ್ದು ಆಮೇಲೆಯೇ. ಜಯಶೀಲ ಮಗಳನ್ನು ಎತ್ತಿಕೊಂಡು, ನಾನು ಎಣ್ಣೆ ಬಟ್ಟಲು ಹಿಡಿದುಕೊಂಡು, ರಸ್ತೆ ಬದಿಯಲ್ಲಾದರೂ ಕೂರೋಣ ಎಂದು ಹೋದೆವು. ಅಲ್ಲಿ ಬಿಸಿಲು ಬೆಳಗಿನಿಂದ ಸಂಜೆವರೆಗೂ ಇತ್ತು. ಬೀಗ ಹಾಕಿದ ಗೇಟುಗಳ ಮೇಲೆ, ನಿಂತ ಕಾರುಗಳ ಮೇಲೆ, ಇನ್ನೂ ಮನೆ ಕಟ್ಟದ ಸೈಟುಗಳ ಮುಳ್ಳುಗಿಡಗಳ ಮೇಲೆ ಸುರಿಯುತ್ತಿತ್ತು. ಮನೆಯವರು ಕಿಟಕಿಗೆ ದಪ್ಪನೆಯ ಪರದೆ ಎಳೆದುಕೊಂಡಿದ್ದರು. ಒಂದು ಖಾಲಿ ಸೈಟಿನಲ್ಲಿ ಚಾಪೆ ಹಾಸಿದೆವಷ್ಟೆ, ವಾಚ್‌ಮನ್ ಬಂದ.

"ಬಿಸಿಲು ಚೀಟಿ ಇದೆಯಾ?"

"ನಮ್ಮದು ಒಂಬತ್ತನೇ ವಾರ್ಡು ಕಣಪ್ಪ. ಮಗುಗೆ ಹುಷಾರಿಲ್ಲ."

"ಚೀಟೀಲಿ ಹೆಸರಿರೋರು ಮಾತ್ರ ಇಲ್ಲಿ ಕೂರಬೇಕಮ್ಮ. ನೆಂಟರೂ ನೆರಳಲ್ಲೇ ಇರಬೇಕು, ಹಂಗೆ ರೂಲ್ಸು." ಅವನು ಆ ಕಡೆ ಈ ಕಡೆ ನೋಡಿದ. "ಸ್ವಲ್ಪ ಹೊತ್ತು ನಾನು ಆ ಕಡೆ ಹೋಗಿರ್ತೀನಿ. ಬೇಗ ಮುಗಿಸಿ. ನನ್ನ ಕೆಲಸ ಕಳೀಬೇಡಿ." ಅವನು ಹೋಗಿ ಬಂದ. ನಾವು ಎದ್ದೆವು. ಅವನ ಕೆಲಸದ ಮೇಲೆ ಮಗುವನ್ನು ದಿನವೂ ಮಲಗಿಸಲು ಆಗುತ್ತದೆಯೇ.

ಆಗ ನೆನಪಾದವಳು ಅನಸೂಯ. ಮರಿಸ್ವಾಮಿಯ ಅಕ್ಕ. ಗುತ್ತಿಗೆದಾರನನ್ನು ಮದುವೆಯಾಗಿ ಬಡಾವಣೆಯಲ್ಲೇ ಮನೆ ಮಾಡಿದ್ದಳು. ಮಕ್ಕಳಿರಲಿಲ್ಲ. ಸುದ್ದಿ ಕೇಳಿ ತಾನೇ ಬಂದಳು. ಜಯಶೀಲಳ ಅಡುಗೆಮನೆಯಲ್ಲಿ ದೀಪದ ಮುಂದೆ ಕೂತು ಮಗುವಿನ ಕಾಲು ಸವರಿ ನೋಡಿದಳು.

"ನಮ್ಮ ಚೀಟಿಗೆ ಇವಳ ಹೆಸರು ಸೇರಿಸ್ತೀನಿ. ಒಂದು ಹೆಸರಿಗೆ ಜಾಗ ಇದೆ. ಹೆಸರಿರೋರು ಅಲ್ಲೇ ವಾಸ ಇರಬೇಕು, ನಮ್ಮ ಮನೇಲೇ ಇರಲಿ."

"ನಾನೂ ಬರ್ತೀನಿ ಅತ್ತಿಗೆ" ಎಂದಳು ಜಯಶೀಲ.

"ಒಂದೇ ಹೆಸರು ಕಣೆ. ನೀನು ನಮ್ಮ ಮನೆ ನೆರಳಲ್ಲಿ ಕೂತ್ಕೊಂಡ್ರೆ, ಅವಳು ಬಿಸಿಲಲ್ಲಿ ಕೂರ್ತಾಳಾ? ನಿನ್ನ ತೊಡೆಗೇ ಬರ್ತಾಳೆ."

ಅವಳು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾವೇ ನೋಡಿದೆವಲ್ಲ. ಮೊದಲ ವಾರ ಜಯಶೀಲ ದಿನವೂ ಹೋಗಿ ಅನಸೂಯಳ ವರಾಂಡದಲ್ಲಿ ಕೂತಳು. ಅಂಗಳದಲ್ಲಿ ಬಿಸಿಲಿಗೆ ಬಿಟ್ಟ ಮಗು ತೆವಳಿಕೊಂಡು, ಅಳುತ್ತ, ನೆರಳಿಗೆ, ತಾಯಿಯ ಹತ್ತಿರವೇ ಬರುತ್ತಿತ್ತು. ಎತ್ತಿ ಬಿಸಿಲಿಗೆ ಬಿಟ್ಟರೆ ಮತ್ತೆ ಬರುತ್ತಿತ್ತು. ಎಂಟನೆಯ ದಿನ ಜಯಶೀಲ ಹೋಗಲಿಲ್ಲ. ಆ ಬೆಳಿಗ್ಗೆ ನನ್ನ ಕಟ್ಟೆಗೆ ಬಂದು ಕೂತಳು. ನಾನು ಅವಳ ತಲೆಗೆ ಎಣ್ಣೆ ಹಚ್ಚಿದೆ.

"ಮರೀತಾಳಾ ಅಕ್ಕ?"

"ಮಕ್ಕಳು ಮರೀತಾವೆ. ಕಾಲು ಸರಿಯಾದ ಮೇಲೆ ಮತ್ತೆ ಕಲೀತಾವೆ" ಎಂದೆ. ಮೊದಲನೆಯದು ನಿಜ ಎಂದು ನನಗೆ ಗೊತ್ತಿತ್ತು. ಎರಡನೆಯದನ್ನು ಅವಳಿಗೋಸ್ಕರ ಹೇಳಿದೆ.

ದಸರಾ ಬಂತು, ಹೋಯಿತು. ಮರಿಸ್ವಾಮಿ ವಾರಕ್ಕೊಮ್ಮೆ ಹೋಗಿ ಮಗಳಿಗೆ ಕಾಣದ ಹಾಗೆ ಗೇಟಿನ ಆಚೆಯಿಂದ ನೋಡಿಕೊಂಡು ಬಂದು ವರದಿ ಒಪ್ಪಿಸುತ್ತಿದ್ದ. ನಿಂತಳಂತೆ. ಗೋಡೆ ಹಿಡಿದು ನಡೆದಳಂತೆ. ಗೋಡೆ ಬಿಟ್ಟಳಂತೆ. ಜಯಶೀಲ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. ಯಾವ ಕಾಲು ಮೊದಲು ಇಟ್ಟಳು, ಬಿದ್ದಳೋ ಇಲ್ಲವೋ, ಯಾರ ಕಡೆಗೆ ನಡೆದಳು. ಕೊನೆಯದನ್ನು ಕೇಳಿದಾಗ ಮರಿಸ್ವಾಮಿ ಕೈ ತೊಳೆಯಲು ಎದ್ದು ಹೋಗುತ್ತಿದ್ದ. ಮುಂದಿನ ವರ್ಷದ ಭೇಟಿ ಎಂದಿದ್ದರಲ್ಲ, ಅದಕ್ಕೆ ಅಧಿಕಾರಿಗಳು ಬರಲೇ ಇಲ್ಲ. ಬಿಸಿಲು ಕಡಿಮೆ ಬಳಸುವ ವಾರ್ಡುಗಳಿಗೆ ಮೂರು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ತೀರ್ಮಾನವಾಯಿತಂತೆ.

ಮರುವರ್ಷದ ಗೌರಿಹಬ್ಬಕ್ಕೆ ಅನಸೂಯ ತವರಿನ ಬಾಗಿನ ತೆಗೆದುಕೊಳ್ಳಲು ಬಂದಳು, ಹಂಸಳನ್ನು ಕರೆದುಕೊಂಡು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತೆವು. ಜಯಶೀಲ ಮಗಳಿಗೆಂದು ಹೊಲಿಸಿದ ಹಸಿರು ಲಂಗವನ್ನು ಕೈಯಲ್ಲಿ ಹಿಡಿದು ಹೊಸಲಿನ ಮೇಲೆ ಕೂತಿದ್ದಳು. ಬೀದಿಯ ಆಚೆ ತುದಿಗೆ ಪಕ್ಕದ ವಾರ್ಡಿನ ಬಿಸಿಲಿನ ಅಂಚು ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಮಗು ಅತ್ತೆಯ ಕೈ ಹಿಡಿದುಕೊಂಡು ಕುಣಿಯುತ್ತ ಬಂತು. ಮಬ್ಬಿಗೆ ಕಾಲಿಟ್ಟ ಕೂಡಲೇ ನಿಂತುಬಿಟ್ಟಿತು.

"ಹೋಗು ಪುಟ್ಟಿ, ಅಮ್ಮ ಅಲ್ಲಿ ಕೂತಿದಾಳೆ ನೋಡು" ಎಂದು ಅನಸೂಯ ಮುಂದಕ್ಕೆ ಬಿಟ್ಟಳು. ಜಯಶೀಲ ಎರಡೂ ಕೈ ಚಾಚಿದಳು. ಕರೆಯಲಿಲ್ಲ. ಹೆದರಿಸಬಾರದು ಅಂದುಕೊಂಡಿರಬೇಕು. ಮಗು ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲ ನೋಡಿತು, ಒಬ್ಬೊಬ್ಬರನ್ನೇ. ಎರಡು ಹೆಜ್ಜೆ ಬಂತು. ನನ್ನ ಕಟ್ಟೆಯ ಹತ್ತಿರ ನಿಂತು ತುಟಿ ಅಲುಗಿಸಿತು. ಆಮೇಲೆ ತಿರುಗಿ, ಅನಸೂಯಳನ್ನೂ ದಾಟಿ, ಬೀದಿಯ ತುದಿಯಲ್ಲಿ ಬೆಳ್ಳಗೆ ಕಾಣುತ್ತಿದ್ದ ಬಿಸಿಲಿನ ಕಡೆಗೆ ಹೊರಟಿತು. ಅಳಲೂ ಇಲ್ಲ, ಓಡಲೂ ಇಲ್ಲ. ಮನೆ ಎಲ್ಲಿದೆ ಎಂದು ಗೊತ್ತಿರುವವರು ಹೋಗುವ ಹಾಗೆ ಹೋಯಿತು.

ಅನಸೂಯ ಅದರ ಹಿಂದೆ ಹೋದಳು. ನಾನು ಜಯಶೀಲಳ ಪಕ್ಕ ಹೋಗಿ ಕೂತೆ. ಅವಳ ಕೈ ಇನ್ನೂ ಚಾಚಿಯೇ ಇತ್ತು, ಲಂಗ ಅದರಿಂದ ಜಾರಿ ಹೊಸಲಿನ ಮೇಲೆ ಬಿದ್ದಿತ್ತು. ಅವಳು ಮಗಳ ಮುಖವನ್ನಲ್ಲ, ಬಿಸಿಲಿಗೆ ಸೇರಿದ ಆ ಎರಡು ಕಾಲುಗಳನ್ನೇ ನೋಡುತ್ತಿದ್ದಳು.

"ನೋಡಕ್ಕ," ಎಂದಳು. "ಎಷ್ಟು ಚೆನ್ನಾಗಿ ನಡೀತಾಳೆ."